ಐಸ್‌ಕ್ರೀಮಿಗೂ ಒಂದು ಊರು ಬೇಕು

ಬೆಂಗಳೂರಿನಲ್ಲಿ ಈಗ ಜೆಲಾಟೊ ಅಂಗಡಿಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು ಒಂದು ಹವ್ಯಾಸವೇ ಆಗಿದೆ. ಯಾರ ಪಿಸ್ತಾ ಅಸಲಿ, ಯಾರ ಚಾಕಲೇಟಿನಲ್ಲಿ ಕಹಿಯ ಹದ ಸರಿಯಾಗಿದೆ, ಯಾರ ಮಾವಿನ ಸೊರ್ಬೆಯಲ್ಲಿ ಮಾವು ಎಷ್ಟಿದೆ ಎಂದು ಜನ ಗಂಭೀರವಾಗಿ ಚರ್ಚಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಸಂಗೀತಕ್ಕೆ, ಸಿನಿಮಾಕ್ಕೆ ವಿಮರ್ಶೆ ಇರುವಂತೆ ನಾಲಿಗೆಗೂ ಒಂದು ವಿಮರ್ಶೆ ಇರಬೇಕು. ಆದರೆ ಈ ವಿಮರ್ಶೆ ಮಹಾನಗರದ ಕೆಲವು ಬಡಾವಣೆಗಳಿಗೆ ಸೀಮಿತವಾದರೆ, ಉಳಿದ ಊರುಗಳಲ್ಲಿ ಜನ ಏನನ್ನು ತಿನ್ನುತ್ತಿದ್ದಾರೆ, ಯಾವುದಕ್ಕೆ ಹಣ ಕೊಡುತ್ತಿದ್ದಾರೆ ಎಂದು ಕೇಳುವವರೇ ಇರುವುದಿಲ್ಲ. ಆದ್ದರಿಂದ ಅದೇ ಅಳತೆಗೋಲನ್ನು ಹಿಡಿದು ನಾವು ಕಪಿಲೆಯ ದಂಡೆಯ ಎರಡು ಊರುಗಳತ್ತ ನೋಡಲು ಬಯಸಿದೆವು: ಒಂದು ನಂಜನಗೂಡು, ಇನ್ನೊಂದು ಅದೇ ನದಿ ಕಾವೇರಿಯನ್ನು ಕೂಡಿಕೊಳ್ಳುವ ಟಿ. ನರಸೀಪುರ.

ಮೊದಲು ಅಳತೆಗೋಲು ಯಾವುದೆಂದು ಹೇಳಿಬಿಡೋಣ. ಇಟಲಿಯ ಭಾಷೆಯಲ್ಲಿ ಜೆಲಾಟೊ ಎಂದರೆ ಹೆಪ್ಪುಗಟ್ಟಿದ್ದು ಎಂದಷ್ಟೇ ಅರ್ಥ. ಐಸ್‌ಕ್ರೀಮಿಗಿಂತ ಅದರಲ್ಲಿ ಕೆನೆ ಕಡಿಮೆ, ಹಾಲು ಹೆಚ್ಚು. ನಿಧಾನವಾಗಿ ಕಡೆಯುವುದರಿಂದ ಒಳಗೆ ಸೇರುವ ಗಾಳಿಯೂ ಕಡಿಮೆ. ಬಡಿಸುವಾಗ ಅದು ಐಸ್‌ಕ್ರೀಮಿನಷ್ಟು ತಣ್ಣಗಿರುವುದಿಲ್ಲವಾದ್ದರಿಂದ ನಾಲಿಗೆ ಮರಗಟ್ಟುವ ಮೊದಲೇ ರುಚಿ ತಿಳಿಯುತ್ತದೆ. ಒಳ್ಳೆಯ ಜೆಲಾಟೊದ ಗುಟ್ಟು ಇಷ್ಟೇ: ಹಾಲು ಹಾಲಾಗಿರಬೇಕು, ಹಣ್ಣು ಹಣ್ಣಾಗಿರಬೇಕು, ಗಾಳಿಗೆ ಬೆಲೆ ಕಟ್ಟಬಾರದು. ಈ ಮೂರು ಮಾತುಗಳನ್ನು ಪಾಲಿಸಲು ಇಟಲಿಯ ಯಂತ್ರವೇ ಬೇಕೆಂದಿಲ್ಲ.

ಎರಡೂ ಊರುಗಳಲ್ಲಿ ತಂಪು ಸಾಮಾನ್ಯವಾಗಿ ನಾಲ್ಕು ರೂಪಗಳಲ್ಲಿ ಸಿಗುತ್ತದೆ. ಬೇಕರಿ ಮತ್ತು ಅಂಗಡಿಗಳ ಫ್ರೀಜರಿನಲ್ಲಿರುವ ಬ್ರಾಂಡಿನ ಕಪ್ ಮತ್ತು ಕೋನ್ ಒಂದು. ತಳ್ಳುಗಾಡಿಯ ಮಟ್ಕಾ ಕುಲ್ಫಿ ಎರಡು. ಜ್ಯೂಸ್ ಅಂಗಡಿಯ ಫಾಲೂದ, ಫ್ರೂಟ್ ಸಲಾಡ್ ಮೂರು. ಜಾತ್ರೆಯಲ್ಲೂ ಶಾಲೆಯ ಗೇಟಿನ ಮುಂದೆಯೂ ಕಾಣುವ ಐಸ್ ಕ್ಯಾಂಡಿ ನಾಲ್ಕು.

ಫ್ರೀಜರಿನಿಂದಲೇ ಆರಂಭಿಸೋಣ, ಏಕೆಂದರೆ ಹೆಚ್ಚು ಹಣ ಹರಿಯುವುದು ಅಲ್ಲಿಗೇ. ಡಬ್ಬಿಯ ಮೇಲಿನ ಚಿತ್ರದಲ್ಲಿ ಕೆನೆ ಉಕ್ಕುತ್ತಿರುತ್ತದೆ. ಆದರೆ ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದರೆ ಅನೇಕ ಸಲ ಕಾಣುವ ಹೆಸರು 'ಫ್ರೋಜನ್ ಡೆಸರ್ಟ್'. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಬರೀ 'ಐಸ್‌ಕ್ರೀಂ' ಎಂದು ಬರೆಯಬೇಕಾದರೆ ಅದರಲ್ಲಿ ಕನಿಷ್ಠ ಶೇ. 10ರಷ್ಟು ಹಾಲಿನ ಕೊಬ್ಬು ಇರಬೇಕು. ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ ಸೇರಿದರೆ ಅದು ಫ್ರೋಜನ್ ಡೆಸರ್ಟ್. 2017ರಲ್ಲಿ ಈ ವ್ಯತ್ಯಾಸ ಬೀದಿಗೆ ಬಂದಿತ್ತು. ಹಾಲಿನ ಐಸ್‌ಕ್ರೀಮನ್ನು ಎತ್ತಿಹಿಡಿದು ಫ್ರೋಜನ್ ಡೆಸರ್ಟಿನಲ್ಲಿ ವನಸ್ಪತಿ ಇದೆಯೆಂದು ಅಮುಲ್ ಜಾಹೀರಾತು ಮಾಡಿತು. ಹಿಂದೂಸ್ತಾನ್ ಯೂನಿಲೀವರ್ ಬಾಂಬೆ ಹೈಕೋರ್ಟಿಗೆ ಹೋಗಿ ಆ ಜಾಹೀರಾತಿಗೆ ತಡೆ ತಂದಿತು. ಕಂಪನಿಗಳ ಜಗಳ ಅವರವರಿಗೆ ಬಿಟ್ಟದ್ದು. ಆದರೆ ಅದರಿಂದ ಶ್ರೀಸಾಮಾನ್ಯನಿಗೆ ಆದ ಲಾಭವೆಂದರೆ, ಎರಡೂ ಒಂದೇ ಅಲ್ಲ ಎಂಬ ಮಾತು ಕಿವಿಗೆ ಬಿದ್ದದ್ದು.

ಎಣ್ಣೆಯ ಸಿಹಿ ವಿಷವಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ನಮ್ಮ ತಕರಾರು ರುಚಿಯದು ಮತ್ತು ಹೆಸರಿನದು. ಹಾಲಿನ ಕೊಬ್ಬು ಬಾಯಲ್ಲಿ ಕರಗಿ ಹೋಗುತ್ತದೆ. ಎಣ್ಣೆಯದು ಅಂಗಳಕ್ಕೆ ತೆಳುವಾಗಿ ಮೆತ್ತಿಕೊಂಡು, ಸಿಹಿ ಹೋದ ಮೇಲೂ ಜಿಡ್ಡಾಗಿ ಉಳಿಯುತ್ತದೆ. ಹಳ್ಳಿ ಹಳ್ಳಿಯಲ್ಲಿ ಹಾಲಿನ ಡೈರಿ ಇರುವ ಜಿಲ್ಲೆಯಲ್ಲಿ, ಬೆಳಗ್ಗೆ ಡೈರಿಗೆ ಹಾಲು ಹಾಕಿದ ರೈತನ ಮಗು ಸಂಜೆ ಅದೇ ಊರಿನ ಬೇಕರಿಯಲ್ಲಿ ಎಣ್ಣೆಯ ಸಿಹಿಯನ್ನು ಹಾಲೆಂದು ನಂಬಿ ತಿನ್ನುವುದು ವಿಚಿತ್ರವಲ್ಲವೇ? ಅದೇ ಫ್ರೀಜರಿನಲ್ಲಿ ಹಾಲಿನ ಐಸ್‌ಕ್ರೀಂ ಇದ್ದರೂ ಎರಡನ್ನೂ ಒಂದೇ ಹೆಸರಿನಲ್ಲಿ ಕೇಳುತ್ತೇವೆ, ಒಂದೇ ಹೆಸರಿನಲ್ಲಿ ಕೊಡುತ್ತಾರೆ.

ಗಾಳಿಯ ಲೆಕ್ಕ ಇನ್ನೂ ಸ್ವಾರಸ್ಯಕರ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಒಂದು ಲೀಟರ್ ಐಸ್‌ಕ್ರೀಂ 525 ಗ್ರಾಂ ತೂಗಿದರೂ ನಿಯಮದ ಪ್ರಕಾರ ಸಾಕು. ಸ್ವಲ್ಪ ಗಾಳಿಯಿಲ್ಲದೆ ಐಸ್‌ಕ್ರೀಂ ಕಲ್ಲಾಗುತ್ತದೆ ಎಂಬುದು ನಿಜ. ಆದರೆ ತೂಕದಲ್ಲಿ ಮಾರಬೇಕಾದುದನ್ನು ಮಿಲಿಲೀಟರಿನಲ್ಲಿ ಮಾರಿದಾಗ ಗಿರಾಕಿ ಬಟ್ಟಲಿನ ಗಾತ್ರವನ್ನು ನೋಡುತ್ತಾನೆ, ಒಳಗಿನ ಭಾರವನ್ನಲ್ಲ. ಅಳತೆ ತೂಕದಲ್ಲಿ ಕಡಿಮೆ ಮಾಡುವುದನ್ನು ಎಲ್ಲ ಧರ್ಮಗಳೂ ಖಂಡಿಸಿವೆ. ಕಾನೂನಿನ ಒಳಗೇ ಇರುವ ಈ ಬಗೆಯ ಅಳತೆಯ ಬಗ್ಗೆಯೂ ನಾವು ಒಂದಿಷ್ಟು ಯೋಚಿಸಬೇಕು.

ಈ ವಿಷಯದಲ್ಲಿ ತಳ್ಳುಗಾಡಿಯ ಕುಲ್ಫಿ ಮೇಲು. ಕುಲ್ಫಿಯನ್ನು ಕಡೆಯುವುದಿಲ್ಲ, ಆದ್ದರಿಂದ ಗಾಳಿಗೆ ಅಲ್ಲಿ ಜಾಗವಿಲ್ಲ. ಹಾಲನ್ನು ಕುದಿಸಿ ಕುದಿಸಿ ಇಂಗಿಸಿ, ಮುಚ್ಚಿದ ಅಚ್ಚಿಗೆ ಹುಯ್ದು, ಉಪ್ಪು ಬೆರೆಸಿದ ಮಂಜುಗಡ್ಡೆಯ ನಡುವೆ ಹೂತಿಡುತ್ತಾರೆ. ಉಪ್ಪು ಬಿದ್ದ ಮಂಜು ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯುವುದೇ ಈ ವಿದ್ಯೆಯ ಮರ್ಮ. ಮೊಗಲರ ಕಾಲದ 'ಐನ್-ಎ-ಅಕ್ಬರಿ'ಯಲ್ಲಿ ಪೆಟ್ಲುಪ್ಪಿನಿಂದ ನೀರು ತಂಪು ಮಾಡುತ್ತಿದ್ದ ವಿವರ ಬರುತ್ತದೆ. ಕುಲ್ಫಿ, ಫಾಲೂದ ಎರಡೂ ಪಾರಸಿ ಮೂಲದ ಮಾತುಗಳು. ಇಟಲಿಯವರ ಸೊರ್ಬೆಟ್ಟೊ ಎಂಬ ಮಾತೂ ನಮ್ಮ ಶರಬತ್ತಿನ ಬಂಧುವೇ. ಹೀಗಿರುವಾಗ ಜೆಲಾಟೊವನ್ನು ನಾಗರಿಕತೆಯೆಂದೂ ಕುಲ್ಫಿಯನ್ನು ಬೀದಿಯ ಸರಕೆಂದೂ ಬೇರ್ಪಡಿಸುವುದು ಚರಿತ್ರೆಗೆ ಒಪ್ಪದ ಮಾತು.

ಹಾಗೆಂದು ಕುಲ್ಫಿಗೆ ರಿಯಾಯಿತಿ ಕೊಡಬೇಕಿಲ್ಲ. ಹಾಲನ್ನು ಇಂಗಿಸಲು ಸೌದೆ, ಗ್ಯಾಸು, ಸಮಯ ಎಲ್ಲವೂ ಬೇಕು. ಅದನ್ನು ಉಳಿಸಲು ಕಾರ್ನ್‌ಫ್ಲೋರ್ ಬೆರೆಸಿ ಗಟ್ಟಿ ಮಾಡುವವರಿದ್ದಾರೆ. ನಿಜವಾದ ಕುಲ್ಫಿಯಲ್ಲಿ ಖೋವಾದ ಸಣ್ಣ ಕಾಳು ಹಲ್ಲಿಗೆ ತಗಲುತ್ತದೆ, ಬಣ್ಣ ನಸುಗಂದಾಗಿರುತ್ತದೆ. ಹಿಟ್ಟಿನದು ಅಂಟಂಟಾಗಿ ಜಾರುತ್ತದೆ, ಏಲಕ್ಕಿಯ ವಾಸನೆಯ ಹಿಂದೆ ಅಡಗಿಕೊಳ್ಳುತ್ತದೆ. ಎರಡೂ ಊರುಗಳಲ್ಲಿ ನಮಗೆ ಎರಡೂ ಬಗೆ ಸಿಕ್ಕವು. ಒಳ್ಳೆಯದು ಸಿಕ್ಕಾಗ ನಗರದ ಯಾವ ಜೆಲಾಟೊಗೂ ಅದು ತಲೆಬಾಗಬೇಕಿಲ್ಲ ಅನ್ನಿಸಿತು.

ಫಾಲೂದದ ಸೊಗಸು ಇರುವುದು ವೈವಿಧ್ಯದಲ್ಲಿ. ನೀರಲ್ಲಿ ಉಬ್ಬಿದ ಕಾಮಕಸ್ತೂರಿ ಬೀಜ, ಶ್ಯಾವಿಗೆ, ಗುಲಾಬಿ ಶರಬತ್ತು, ತಣ್ಣನೆಯ ಹಾಲು ಒಂದೇ ಚಮಚದಲ್ಲಿ ಬೇರೆ ಬೇರೆಯಾಗಿಯೇ ಉಳಿಯಬೇಕು. ಈಗ ಜ್ಯೂಸ್ ಅಂಗಡಿಗಳಲ್ಲಿ ಮೇಲೊಂದು ದೊಡ್ಡ ಉಂಡೆ ಐಸ್‌ಕ್ರೀಂ, ಅದರ ಮೇಲೆ ಜೆಲ್ಲಿ, ಅದರ ಮೇಲೆ ಚಾಕಲೇಟ್ ಸುರಿದು ಎಲ್ಲವನ್ನೂ ಒಂದೇ ಸಿಹಿಯಲ್ಲಿ ಮುಳುಗಿಸುತ್ತಾರೆ. ರಮಝಾನಿನ ರಾತ್ರಿಗಳಲ್ಲಿ ಉಪವಾಸ ಬಿಟ್ಟವರ ಗಂಟಲಿಗೆ ಬೇಕಾದ್ದು ತಂಪು. ಅಲ್ಲಿ ಸಿಗುವುದು ಭಾರ.

ಇನ್ನು ಐಸ್ ಕ್ಯಾಂಡಿ. ಅದು ನೀರು, ಸಕ್ಕರೆ, ಬಣ್ಣ. ಹಾಲೆಂದು ಅದು ಹೇಳಿಕೊಳ್ಳುವುದಿಲ್ಲ, ಹಣ್ಣೆಂದು ಯಾರೂ ನಂಬುವುದಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವ ಬಿಸಿಲಲ್ಲಿ, ಮೂರು ವರ್ಷಕ್ಕೊಮ್ಮೆ ಸಂಗಮದಲ್ಲಿ ನಡೆಯುವ ಕುಂಭಮೇಳದ ಜನಜಂಗುಳಿಯಲ್ಲಿ, ಕಡಿಮೆ ದುಡ್ಡಿರುವ ಮಗುವಿಗೂ ನಿಲುಕುವುದು ಅದೇ. ಅದರ ಮೇಲಿನ ನಮ್ಮ ಪ್ರಶ್ನೆ ಒಂದೇ: ನೀರು ಎಲ್ಲಿಯದು? ರುಚಿಯಲ್ಲಿ ಬಡತನವಿದ್ದರೆ ಕ್ಷಮಿಸಬಹುದು, ನೀರಿನಲ್ಲಿ ಕೊಳೆಯಿದ್ದರೆ ಕ್ಷಮಿಸಲಾಗದು. ಬಡವರ ತಿನಿಸಿಗೆ ಬೇಕಾದ್ದು ನಮ್ಮ ಭಾವುಕತೆಯಲ್ಲ, ಶುದ್ಧ ನೀರಿನ ವ್ಯವಸ್ಥೆ.

ಇಷ್ಟು ಹೇಳಿದ ಮೇಲೆ ದೊಡ್ಡ ಕೊರತೆಯೊಂದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಟಿಪ್ಪು 'ಹಕೀಮ್ ನಂಜುಂಡ' ಎಂದು ಕರೆದನೆಂಬ ಪ್ರತೀತಿಯ ದೇವರಿರುವ ಈ ಊರಿಗೆ ತನ್ನದೇ ಹೆಸರಿನ ಹಣ್ಣೊಂದಿದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿ ಎರಡು ದಶಕಗಳಾದವು. ತೆಳು ಸಿಪ್ಪೆ, ದೂರಕ್ಕೇ ಬರುವ ಕಂಪು, ಹುಳಿಯ ಎಳೆಯಿರುವ ಸಿಹಿ. ಪನಾಮಾ ಸೊರಗು ರೋಗ ಈ ಬೆಳೆಯನ್ನು ನೆಲಕಚ್ಚಿಸಿತು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ, ಆದ್ದರಿಂದ ಒಮ್ಮೆ ಸೋತ ರೈತ ಅದೇ ಹೊಲದಲ್ಲಿ ಮತ್ತೆ ರಸಬಾಳೆ ನೆಡಲು ಹೆದರುತ್ತಾನೆ. ಈ ಹಣ್ಣಿನ ತವರಿನಲ್ಲೇ ಬಾಳೆಹಣ್ಣಿನ ರುಚಿಯ ತಂಪು ಕೇಳಿದರೆ ನಮಗೆ ಸಿಕ್ಕಿದ್ದು ಸೀಸೆಯ ಎಸೆನ್ಸ್. ಐಸೋಅಮೈಲ್ ಅಸಿಟೇಟ್ ಎಂಬ ಒಂದೇ ರಾಸಾಯನಿಕದಿಂದ ಆ ವಾಸನೆ ಹುಟ್ಟಿಸಬಹುದು. ಅದಕ್ಕೆ ನಂಜನಗೂಡೂ ಬೇಡ, ಮಣ್ಣೂ ಬೇಡ.

ಇದು ಹೀಗೇ ಇರಬೇಕಾಗಿಲ್ಲ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಮುಲ್ಕಿಯ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈನ ಜುಹುವಿನಲ್ಲಿ 'ನ್ಯಾಚುರಲ್ಸ್' ತೆರೆದರು. ಸೀತಾಫಲ, ಎಳನೀರುಗಳನ್ನು ಹಣ್ಣಾಗಿಯೇ ಉಳಿಸಿ ಐಸ್‌ಕ್ರೀಂ ಮಾಡಬಹುದೆಂದು ತೋರಿಸಿದರು. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದು ದೇಶವೆಲ್ಲ ಬಲ್ಲ ಹೆಸರಾಗಿತ್ತು. ಮಂಗಳೂರು ತನ್ನ ಗಡ್‌ಬಡ್‌ನಿಂದಲೇ ಗುರುತಿಸಿಕೊಳ್ಳುತ್ತದೆ. ಮೈಸೂರು ಸೀಮೆಗೆ ಅಂಥ ತನ್ನದೊಂದು ತಂಪು ಇನ್ನೂ ಇಲ್ಲ.

ರಸಬಾಳೆಯ ಐಸ್‌ಕ್ರೀಂ ರೋಗವನ್ನು ಗುಣಪಡಿಸದು. ಆದರೆ ತೆಳು ಸಿಪ್ಪೆಯ ಈ ಹಣ್ಣು ದೂರದ ಪ್ರಯಾಣ ತಾಳುವುದಿಲ್ಲ. ತುಂಬ ಮಾಗಿದ ಹಣ್ಣಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಐಸ್‌ಕ್ರೀಮಿಗೆ ಬೇಕಾದ್ದು ಅದೇ ಮಾಗಿದ ಹಣ್ಣು. ಅಷ್ಟು ಹಣ್ಣಿಗೆ ಊರಿನಲ್ಲೇ ಒಳ್ಳೆಯ ಬೆಲೆ ಸಿಕ್ಕರೆ, ರೋಗಮುಕ್ತ ಸಸಿ ತಂದು ಮತ್ತೊಮ್ಮೆ ಪ್ರಯತ್ನಿಸಲು ಕೆಲವು ರೈತರಿಗಾದರೂ ಧೈರ್ಯ ಬರಬಹುದು. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಹಾಲು ಇಂಗಿಸಲು ಬಲ್ಲ ಕುಲ್ಫಿಯವರು ಊರಿನಲ್ಲೇ ಇದ್ದಾರೆ.

ನಮ್ಮ ತೀರ್ಪು ಕೇಳುವುದಾದರೆ, ಎರಡೂ ಊರುಗಳಲ್ಲಿ ಮೊದಲ ಸ್ಥಾನ ಹಾಲು ಇಂಗಿಸಿ ಮಾಡಿದ ಕುಲ್ಫಿಗೆ, ಕೊನೆಯ ಸ್ಥಾನ ಹಾಲಿನ ವೇಷ ಹಾಕಿದ ಎಣ್ಣೆಗೆ. ಓದುಗರಲ್ಲಿ ಒಂದು ವಿನಂತಿ: ಮುಂದಿನ ಸಲ ಮಗುವಿಗೆ ಕಪ್ ಕೊಡಿಸುವ ಮುನ್ನ ಅದನ್ನು ಒಮ್ಮೆ ತಿರುಗಿಸಿ ಓದಿ. ಅಂಗಡಿಯವರನ್ನು ಕೇಳಿ, ಇದು ಹಾಲಿನದೋ ಎಣ್ಣೆಯದೋ ಎಂದು. ನಂಜನಗೂಡಿನಲ್ಲಾದರೆ ಇನ್ನೊಂದು ಮಾತನ್ನೂ ಕೇಳಿ: ರಸಬಾಳೆಯದು ಇದೆಯೇ? ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಯಾರಾದರೂ ಮಾಡಿಕೊಟ್ಟಾರು.