ಶೇಕಡಾ 99.9ರ ಕೀರ್ತಿ

ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಆರಿಸುವ ವಿಷಯದಲ್ಲಿ ಎರಡು ದಶಕಗಳಿಂದ ಒಂದೇ ಅಳತೆಗೋಲಿನ ದರ್ಬಾರು ನಡೆದಿದೆ: ಪತ್ತೆಯ ಶೇಕಡಾವಾರು. ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೆಟಿವ್ಸ್, ಜರ್ಮನಿಯ ಮಾಗ್ಡೆಬರ್ಗ್‌ನ ಎವಿ-ಟೆಸ್ಟ್ ಎಂಬ ಪ್ರಯೋಗಾಲಯಗಳು ವರ್ಷವಿಡೀ ಪರೀಕ್ಷೆ ನಡೆಸಿ ಅಂಕ ಪ್ರಕಟಿಸುತ್ತವೆ. ‘ಈ ವರ್ಷದ ಅತ್ಯುತ್ತಮ ಹತ್ತು’ ಎಂಬ ಪಟ್ಟಿಗಳಿಗೂ ಯೂಟ್ಯೂಬ್ ವಿಮರ್ಶಕರ ತೀರ್ಪುಗಳಿಗೂ ಪೆಟ್ಟಿಗೆಯ ಮೇಲೆ ಅಚ್ಚಾದ ಪದಕಗಳಿಗೂ ಆ ಅಂಕಗಳೇ ಬಂಡವಾಳ. ಪರೀಕ್ಷೆಗಳು ಸುಳ್ಳಲ್ಲ, ಶ್ರಮದಿಂದ, ಬಹಳಮಟ್ಟಿಗೆ ಪ್ರಾಮಾಣಿಕವಾಗಿ ನಡೆಯುತ್ತವೆ. ಅತಿಯಾದದ್ದು ಅವುಗಳ ಕೀರ್ತಿ. ಮನೆಯವರು ಕೇಳುವ ಪ್ರಶ್ನೆಗೆ ಆ ಕೋಷ್ಟಕದಲ್ಲಿ ಉತ್ತರವಿಲ್ಲ. ಇತ್ತ ವಿಂಡೋಸ್‌ನೊಳಗೇ ಪುಕ್ಕಟೆಯಾಗಿ ಬರುವ ಡಿಫೆಂಡರ್‌ಗೆ ಸಲ್ಲಬೇಕಾದ ಮನ್ನಣೆ, ಪುಕ್ಕಟೆ ಎಂಬ ಕಾರಣಕ್ಕೇ ಇರಬೇಕು, ಇನ್ನೂ ಸಂದಿಲ್ಲ.

ಗೊತ್ತಿರುವ ವೈರಸ್‌ಗಳ ಗುರುತನ್ನು (ಸಿಗ್ನೇಚರ್) ಹೋಲಿಸುವ ಹಳೆಯ ವಿಧಾನ, ನಡವಳಿಕೆ ನೋಡಿ ಸಂಶಯಪಡುವ ಹೊಸ ವಿಧಾನ, ಅನುಮಾನ ಬಂದ ಕಡತದ ಗುರುತನ್ನು ಕಂಪನಿಯ ಸರ್ವರಿಗೆ ಕಳಿಸಿ ಕೇಳುವ ಕ್ಲೌಡ್ ವಿಧಾನ ಇವೆಲ್ಲ ಪರಿಚಿತ ಸಂಗತಿಗಳು. ಈಗ ಎಲ್ಲ ದೊಡ್ಡ ತಂತ್ರಾಂಶಗಳೂ ಮೂರನ್ನೂ ಬೆರೆಸಿ ಬಳಸುತ್ತವೆ. ಆಗಾಗ ಮರೆತುಹೋಗುವುದು ಇನ್ನೊಂದು ಸಂಗತಿ. ಎಲ್ಲ ವೈರಸ್‌ಗಳನ್ನೂ ಹಿಡಿಯುವ, ಒಂದು ನಿರಪರಾಧಿ ಕಡತವನ್ನೂ ಹಿಡಿಯದ ಪ್ರೋಗ್ರಾಮ್ ಬರೆಯುವುದು ತಾತ್ವಿಕವಾಗಿಯೇ ಅಸಾಧ್ಯ ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಹೆಚ್ಚು ಹಿಡಿಯಹೊರಟರೆ ತಪ್ಪು ಹಿಡಿತವೂ ಹೆಚ್ಚುತ್ತದೆ. ಆದ್ದರಿಂದ ಶೇಕಡಾ ನೂರು ಎಂಬ ಅಂಕ ಎಲ್ಲಿ ಕಂಡರೂ ಅದು ಆ ಪರೀಕ್ಷೆಗೆ ಆರಿಸಿದ ಮಾದರಿಗಳ ಮಟ್ಟಿಗೆ ನಿಜ. ತಂತ್ರಾಂಶದ ಗುಣವೆಂದು ಅದನ್ನು ಓದಲಾಗದು.

ಪರೀಕ್ಷೆಗಳಲ್ಲೆಲ್ಲ ಮನೆಬಳಕೆಗೆ ಅತಿ ಹತ್ತಿರವಾದದ್ದು ಎವಿ-ಕಂಪ್ಯಾರೆಟಿವ್ಸ್‌ನ ‘ರಿಯಲ್ ವರ್ಲ್ಡ್’ ಪರೀಕ್ಷೆ. ಅಂತರಜಾಲದಲ್ಲಿ ಆ ಹೊತ್ತಿಗೆ ಜೀವಂತವಾಗಿರುವ ಕೆಲವು ನೂರು ಅಪಾಯಕಾರಿ ಕೊಂಡಿಗಳನ್ನು ತಿಂಗಳುಗಟ್ಟಲೆ ಒಂದೊಂದಾಗಿ ತೆರೆದು ಫಲಿತಾಂಶ ಬರೆದಿಡುತ್ತಾರೆ. ಮೊದಲು ಸರಳ ಲೆಕ್ಕ. ಪ್ರಕರಣಗಳು ನಾನೂರು ಎಂದುಕೊಂಡರೆ ಒಂದೊಂದು ತಪ್ಪಿಗೆ ಶೇಕಡಾ 0.25. ಒಂದು ತಂತ್ರಾಂಶಕ್ಕೆ 99.75, ಇನ್ನೊಂದಕ್ಕೆ 99.25 ಬಂದಿದ್ದರೆ ಅವುಗಳ ನಡುವಿನ ಅಂತರ ಎರಡೇ ಕಡತ. ಮುಂದಿನ ಸುತ್ತಿನಲ್ಲಿ ಅದು ತಿರುವುಮುರುವಾದೀತು. ಪ್ರಯೋಗಾಲಯಕ್ಕೆ ಇದು ತಿಳಿಯದ್ದಲ್ಲ. ಅದಕ್ಕೇ ಅದು ಉತ್ಪನ್ನಗಳನ್ನು ಗುಂಪುಗೂಡಿಸಿ ಶ್ರೇಣಿ ಕೊಡುತ್ತದೆ. ಆ ಗುಂಪನ್ನು ಒಡೆದು ಒಂದು, ಎರಡು, ಮೂರು ಎಂದು ಸಾಲು ನಿಲ್ಲಿಸುವವರು ವಿಮರ್ಶಕರು.

ಇನ್ನೂ ನಿಧಾನವಾಗಿ ನೋಡಬೇಕಾದದ್ದು ಕೋಷ್ಟಕದ ಒಂದು ಚಿಕ್ಕ ಕಂಬಸಾಲು. ಕೆಲವೊಮ್ಮೆ ತಂತ್ರಾಂಶ ತಾನು ತೀರ್ಮಾನಿಸದೆ, ಬಿಡಬೇಕೋ ತಡೆಯಬೇಕೋ ಎಂದು ಪರದೆಯ ಮುಂದಿರುವವರನ್ನೇ ಕೇಳುತ್ತದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಪ್ರಕರಣಗಳನ್ನು ‘ಬಳಕೆದಾರರ ನಿರ್ಧಾರ’ ಎಂದು ಬೇರೆಯಾಗಿ ಎಣಿಸಿ, ಅಂತಿಮ ಅಂಕದಲ್ಲಿ ಅರ್ಧ ಮಾರ್ಕು ಕೊಡುತ್ತಾರೆ. ತಾನಾಗಿ ಶೇಕಡಾ 80 ತಡೆದು ಉಳಿದ 20ರಲ್ಲಿ ಪ್ರಶ್ನೆ ಕೇಳಿದ ತಂತ್ರಾಂಶಕ್ಕೆ ಒಟ್ಟು 90. ಮೇಲ್ನೋಟಕ್ಕೆ ಇದು ನ್ಯಾಯವೇ. ಆದರೆ ಈ ಅರ್ಧದ ಒಳಗೆ ಒಂದು ಊಹೆ ಅಡಗಿದೆ: ಮನೆಯಲ್ಲಿ ಕೂತವರು ಎರಡರಲ್ಲಿ ಒಂದು ಸಲ ಸರಿಯಾದ ಗುಂಡಿ ಒತ್ತುತ್ತಾರೆ ಎಂಬುದು. ಅದಕ್ಕೆ ಆಧಾರವೇನು? ಪ್ರಶ್ನೆ ಬಹುತೇಕ ಇಂಗ್ಲಿಷಿನಲ್ಲಿ, ಅದೂ ಕಡತಮಾರ್ಗ, ಪ್ರೊಸೆಸ್ ಎಂಬಂಥ ಪರಿಭಾಷೆಯಲ್ಲಿ ಇರುತ್ತದೆ. ಕೇಳುವ ಗಳಿಗೆಯಾದರೂ ಎಂಥದ್ದು! ಮಗನ ಪ್ರಾಜೆಕ್ಟಿಗೆ ಬೇಕಾದ್ದೋ, ಬಿಲ್ ಎಂಬ ಹೆಸರಿನಲ್ಲಿ ಬಂದದ್ದೋ, ಆ ಕಡತ ತೆರೆದೇ ತೀರಬೇಕು ಎಂದು ಅವರು ಆಗಲೇ ಕ್ಲಿಕ್ ಮಾಡಿಯಾಗಿರುತ್ತದೆ. ತಮ್ಮ ಇಷ್ಟವನ್ನು ಒಮ್ಮೆ ಹೇಳಿದವರು ಎರಡನೆಯ ಸಲ ಕೇಳಿದಾಗ ಮಾತು ಬದಲಿಸುವುದು ಅಪರೂಪ.

ಇಲ್ಲಿ ಇನ್ನೊಂದು ಸುರುಳಿಯಿದೆ. ಪ್ರಶ್ನೆ ಕೇಳುವ ಸ್ವಭಾವದ ತಂತ್ರಾಂಶ ದುಷ್ಟ ಕಡತಕ್ಕೆ ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಸಾಧು ಕಡತಗಳಿಗೂ ಕೇಳುತ್ತದೆ. ಪ್ರಯೋಗಾಲಯ ಆ ಸುಳ್ಳು ಎಚ್ಚರಿಕೆಗಳನ್ನು ಬೇರೊಂದು ಕೋಷ್ಟಕದಲ್ಲಿ ಎಣಿಸುತ್ತದೆ. ಮನೆಯಲ್ಲಿ ಈ ಎರಡೂ ನಡೆಯುವುದು ಒಂದೇ ತಲೆಯೊಳಗೆ. ಪ್ರಿಂಟರ್ ಡ್ರೈವರಿಗೆ, ತೆರಿಗೆ ತಂತ್ರಾಂಶಕ್ಕೆ, ಮಕ್ಕಳ ಆಟಕ್ಕೆ ಎಂದು ಹತ್ತು ಸಲ ‘ಬಿಡು’ ಒತ್ತಿ ಅಭ್ಯಾಸವಾದ ಕೈ ಹನ್ನೊಂದನೆಯ ಸಲ ನಿಂತು ಯೋಚಿಸುವುದಿಲ್ಲ. ಹೆಚ್ಚು ಕೇಳುವ ತಂತ್ರಾಂಶದ ಮಟ್ಟಿಗೆ ಆ ಅರ್ಧ ಮಾರ್ಕು ದಿನದಿನಕ್ಕೆ ಸೊನ್ನೆಯತ್ತ ಜಾರುತ್ತಿರುತ್ತದೆ; ಕೋಷ್ಟಕದಲ್ಲಿ ಮಾತ್ರ ಅದು ಅರ್ಧವಾಗಿಯೇ ಉಳಿದಿರುತ್ತದೆ. ಶೇಕಡಾ 98 ತಡೆದು ಎರಡರಲ್ಲಿ ಕೇಳಿದ್ದು, 99 ತಡೆದು ಒಂದನ್ನು ತಪ್ಪಿಸಿಕೊಂಡದ್ದು, ಎರಡಕ್ಕೂ ಒಂದೇ ಅಂಕ. ಇವು ಸಮಾನವೆಂದು ಮನೆಯಲ್ಲಿ ಒಂದು ವಾರ ಕಳೆದವರು ಒಪ್ಪಲಾರರು. ಪ್ರಯೋಗಾಲಯವೇನೋ ಈ ಪ್ರಕರಣಗಳನ್ನು ನಕ್ಷೆಯಲ್ಲಿ ಹಳದಿ ಬಣ್ಣದಲ್ಲಿ ಬೇರೆಯಾಗಿ ತೋರಿಸಿರುತ್ತದೆ. ಪಟ್ಟಿ ಮಾಡುವವರು ಆ ಹಳದಿಯನ್ನು ಅಳಿಸಿ ಕೊನೆಯ ಸಂಖ್ಯೆಯನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ.

ಎವಿ-ಟೆಸ್ಟ್‌ನ ಪದ್ಧತಿಯ ಬಗ್ಗೆ ಇಷ್ಟು ಹೇಳಬೇಕಿಲ್ಲ. ರಕ್ಷಣೆ, ವೇಗ, ಬಳಕೆಯ ಸೌಕರ್ಯ ಎಂದು ಮೂರಕ್ಕೆ ಆರಾರು ಅಂಕ, ಒಟ್ಟು 18. ಹಲವು ಉತ್ಪನ್ನಗಳು ಪದೇ ಪದೇ ಹದಿನೆಂಟಕ್ಕೆ ಹದಿನೆಂಟು ಪಡೆಯುವ ಪರೀಕ್ಷೆ ಆಯ್ಕೆಗೆ ಎಷ್ಟು ನೆರವಾದೀತು?

ಪರೀಕ್ಷೆಗೆಂದೇ ಸಿಂಗರಿಸಿಕೊಂಡು ಬಂದವರೂ ಇದ್ದಾರೆ. ಚೀನಾದ ಚಿಹೂ 360 ಕಂಪನಿ ಪರೀಕ್ಷೆಗೆ ಬಿಟ್‌ಡಿಫೆಂಡರ್ ಎಂಬ ಬೇರೆ ಕಂಪನಿಯ ಎಂಜಿನ್ ಚಾಲೂ ಇದ್ದ ಆವೃತ್ತಿಯನ್ನು ಕೊಟ್ಟು, ಗ್ರಾಹಕರಿಗೆ ಬೇರೆ ಹೊಂದಾಣಿಕೆಯದನ್ನು ಹಂಚುತ್ತಿದ್ದುದು 2015ರಲ್ಲಿ ಬಯಲಾಯಿತು. ಈ ಎರಡು ಪ್ರಯೋಗಾಲಯಗಳು ಮತ್ತು ವೈರಸ್ ಬುಲೆಟಿನ್ ಎಂಬ ಮತ್ತೊಂದು ಪರೀಕ್ಷಾ ಸಂಸ್ಥೆ ಸೇರಿ ಅದರ ಶ್ರೇಯಾಂಕಗಳನ್ನು ಹಿಂದಕ್ಕೆ ಪಡೆದವು. ಇದಕ್ಕೆ ತಿರುಗುಮುರುಗಾದದ್ದು ಮೈಕ್ರೋಸಾಫ್ಟಿನ ಕತೆ. 2012ರ ಕೊನೆಯಲ್ಲಿ, ಡಿಫೆಂಡರ್‌ನ ಪೂರ್ವರೂಪವಾಗಿದ್ದ ಅದರ ಸೆಕ್ಯುರಿಟಿ ಎಸೆನ್ಷಿಯಲ್ಸ್‌ಗೆ ಎವಿ-ಟೆಸ್ಟ್ ಪ್ರಮಾಣಪತ್ರ ನಿರಾಕರಿಸಿತು. ತಪ್ಪಿಹೋದ ಮಾದರಿಗಳು ತನ್ನ ಗ್ರಾಹಕರ ಯಂತ್ರಗಳಲ್ಲಿ ಹೆಚ್ಚುಕಡಿಮೆ ಕಾಣಿಸಿಕೊಂಡೇ ಇಲ್ಲ ಎಂದು ಕಂಪನಿ ವಾದಿಸಿತು. ಫೇಲಾದವರ ಸಬೂಬು ಎಂದು ಆಗ ಅದನ್ನು ತಳ್ಳಿಹಾಕಿದರು. ಸಬೂಬೇ ಇರಬಹುದು, ಪ್ರಶ್ನೆ ಮಾತ್ರ ಸರಿಯಾಗಿತ್ತು. ಡಿಫೆಂಡರ್ ಮುಂದೆ ಅದೇ ಪರೀಕ್ಷೆಗಳಲ್ಲಿ ಪೂರ್ಣಾಂಕ ಪಡೆಯತೊಡಗಿತು. ಆದರೂ ಹತ್ತು ವರ್ಷ ಹಳೆಯ ಅಪಕೀರ್ತಿ ಮಾಸಲಿಲ್ಲ. ಅಂಕ ನಂಬುವವರು ಅಂಕ ಬದಲಾದಾಗ ಅಭಿಪ್ರಾಯ ಬದಲಿಸದಿದ್ದುದು ಇಲ್ಲಿನ ತಮಾಷೆ.

ನಮ್ಮ ಕಡೆ ಆ ಅಪಕೀರ್ತಿ ಗಟ್ಟಿಯಾಗಲು ಬೇರೆಯೇ ಕಾರಣವಿದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಹೆಸರು ಮಾಡಿದ್ದು ಪ್ರಯೋಗಾಲಯದ ಕೋಷ್ಟಕದಿಂದಲ್ಲ, ರಿಪೇರಿ ಅಂಗಡಿಯ ಮೇಜಿನಿಂದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಿಸಿ ಅಸೆಂಬಲ್ ಮಾಡಿಸಿದರೆ ಕೊನೆಗೆ ಒಂದು ಆಂಟಿವೈರಸ್ ಪೆಟ್ಟಿಗೆಯೂ ಬಿಲ್ಲಿಗೆ ಸೇರುತ್ತಿತ್ತು. ಅದು ಪೆನ್ ಡ್ರೈವ್ ಕಾಲ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವ್ ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗುತ್ತಿದ್ದ ದಿನಗಳಲ್ಲಿ ಆ ಖರ್ಚಿಗೆ ಅರ್ಥವಿತ್ತು. ಚುಚ್ಚಿದೊಡನೆ ಪ್ರೋಗ್ರಾಮ್ ತಾನಾಗಿ ಓಡುವ ಆಟೊರನ್ ಎಂಬ ಬಾಗಿಲನ್ನು ಮೈಕ್ರೋಸಾಫ್ಟ್ ಪೆನ್ ಡ್ರೈವ್‌ಗಳ ಮಟ್ಟಿಗೆ ವಿಂಡೋಸ್ 7ರಲ್ಲಿ ಮುಚ್ಚಿತು; 2011ರ ಅಪ್‌ಡೇಟ್ ಮೂಲಕ ಎಕ್ಸ್‌ಪಿ, ವಿಸ್ಟಾಗಳಿಗೂ ಅದನ್ನು ಹರಡಿತು. ಅಪಾಯದ ದಾರಿ ಬದಲಾಗಿ ವರ್ಷಗಳಾದರೂ ಅಂಗಡಿಯ ಸಲಹೆ ಬದಲಾಗಿಲ್ಲ. ನಕಲಿ ವಿಂಡೋಸ್ ಹಾಕಿ, ಅದರ ಕ್ರ್ಯಾಕ್ ಸಿಕ್ಕಿಬೀಳದಿರಲೆಂದು ಡಿಫೆಂಡರನ್ನು ಆಫ್ ಮಾಡಿ, ಬಳಿಕ ರಕ್ಷಣೆಗೆಂದು ಇನ್ನೊಂದನ್ನು ಮಾರುವ ಪದ್ಧತಿಯನ್ನು ಯಾವ ಪ್ರಯೋಗಾಲಯ ತಾನೇ ಅಳೆದೀತು?

ಅಂಕದ ಪಂಥಕ್ಕೆ ಎದುರಾಗಿ ನಿಂತ ವಿಮರ್ಶಕರೂ ಇದ್ದಾರೆ, ಮತ್ತು ಅವರ ಅತಿರೇಕ ಬೇರೆ ಥರದ್ದು. ಆಂಟಿವೈರಸ್ ಸತ್ತಿದೆ ಎಂದು ಸಿಮ್ಯಾಂಟೆಕ್‌ನ ಹಿರಿಯ ಅಧಿಕಾರಿ ಬ್ರಯಾನ್ ಡೈ 2014ರಲ್ಲಿ ಹೇಳಿದ್ದನ್ನು ಇವರು ಆಪ್ತವಾಕ್ಯವೆಂಬಂತೆ ಉದ್ಧರಿಸುತ್ತಾರೆ. ಆ ಕಂಪನಿ ಆಗ ಉದ್ಯಮಗಳಿಗೆ ಹೊಸ ಸೇವೆಗಳನ್ನು ಮಾರಲು ಹೊರಟಿತ್ತು ಎಂಬುದನ್ನು ಬಿಟ್ಟುಬಿಡುತ್ತಾರೆ. ಈ ಪಂಥದ ಗಟ್ಟಿ ವಾದ ಬಂದದ್ದು ಬ್ರೌಸರ್ ಎಂಜಿನಿಯರುಗಳಿಂದ. ಮೊಜಿಲ್ಲಾದಲ್ಲಿ ಕೆಲಸ ಮಾಡಿ ಹೊರಬಂದಿದ್ದ ರಾಬರ್ಟ್ ಓ'ಕ್ಯಾಲಹನ್ 2017ರಲ್ಲಿ, ಮೈಕ್ರೋಸಾಫ್ಟಿನದೊಂದನ್ನು ಬಿಟ್ಟು ಉಳಿದ ಆಂಟಿವೈರಸ್‌ಗಳನ್ನು ತೆಗೆದುಹಾಕಿ ಎಂದೇ ಬರೆದರು. ಫೈರ್‌ಫಾಕ್ಸ್‌ಗೆ ಕಷ್ಟಪಟ್ಟು ಕಟ್ಟಿದ ರಕ್ಷಣೆಯನ್ನು ಆಂಟಿವೈರಸ್‌ಗಳು ತಮ್ಮ ತುಣುಕುಗಳನ್ನು ಒಳಗೆ ತೂರಿಸಿ ಕೆಡಿಸಿದ್ದವು ಎಂಬುದು ಅವರ ದೂರು. ಅದರ ಹಿಂದಿನ ವರ್ಷ ಗೂಗಲ್‌ನ ಟಾವಿಸ್ ಆರ್ಮಂಡಿ, ಸಿಮ್ಯಾಂಟೆಕ್ ಮತ್ತು ನಾರ್ಟನ್ ಉತ್ಪನ್ನಗಳಲ್ಲಿ ಸಂಕುಚಿತ ಕಡತಗಳನ್ನು ಬಿಚ್ಚುವ ಭಾಗ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಓಡುತ್ತಿದೆ, ಇಮೇಲ್ ಬಂದು ಬಿದ್ದರೆ ಸಾಕು ಯಂತ್ರ ಕೈತಪ್ಪಬಹುದು ಎಂದು ತೋರಿಸಿದ್ದರು.

ಈ ದೂರು ನಿಜ, ಮತ್ತು ಯಾವ ಶೇಕಡಾವಾರಿನಲ್ಲೂ ಕಾಣದ್ದು. ತಪ್ಪುವುದು ಅದರಿಂದ ಹೊರಡಿಸುವ ತೀರ್ಮಾನ. ಆರ್ಮಂಡಿ ಮತ್ತು ಅವರ ಸಹೋದ್ಯೋಗಿ ನಟಾಲಿ ಸಿಲ್ವನೋವಿಚ್ 2017ರ ಮೇನಲ್ಲಿ ಡಿಫೆಂಡರ್‌ನ ಎಂಜಿನ್ನಿನಲ್ಲೂ ಅಷ್ಟೇ ಭಯಂಕರವಾದ ದೋಷ ಹಿಡಿದರು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು, ಮರುವರ್ಷ ಎಂಜಿನ್ನನ್ನು ಉಳಿದ ಯಂತ್ರದಿಂದ ಬೇರ್ಪಡಿಸಿದ ಸ್ಯಾಂಡ್‌ಬಾಕ್ಸ್‌ನೊಳಗೆ ಓಡಿಸುವ ಸೌಲಭ್ಯವೂ ಬಂತು. ಕಡತಗಳನ್ನೆಲ್ಲ ತೆರೆದು ನೋಡುವ ಯಾವ ತಂತ್ರಾಂಶಕ್ಕೂ ಈ ಅಪಾಯ ಅಂಟಿಕೊಂಡೇ ಇರುತ್ತದೆ. ಇನ್ನು, ಎಚ್ಚರವಿದ್ದವರಿಗೆ ಆಂಟಿವೈರಸ್ಸೇ ಬೇಡ ಎಂಬ ಇವರ ಮಾತು ಒಬ್ಬರೇ ಬಳಸುವ ಯಂತ್ರಕ್ಕೆ ಸಲ್ಲಬಹುದು. ಅಜ್ಜ, ಶಾಲೆಯ ಹುಡುಗಿ, ಅಂಗಡಿ ಲೆಕ್ಕ ಬರೆಯುವ ಅಪ್ಪ ಸರದಿಯ ಮೇಲೆ ಕೂರುವ ಯಂತ್ರದಲ್ಲಿ ಎಚ್ಚರ ಯಾರದೆಂದು ಎಣಿಸುವುದು? ಓ'ಕ್ಯಾಲಹನ್ ‘ಮೈಕ್ರೋಸಾಫ್ಟಿನದನ್ನು ಬಿಟ್ಟು’ ಎಂದಿದ್ದುದೇ ಇವರ ಉದ್ಧರಣೆಯಲ್ಲಿ ಬಹಳ ಸಲ ಕಳಚಿಬಿದ್ದಿರುತ್ತದೆ.

ಡಿಫೆಂಡರ್‌ನ ಬಲ ಅದು ಏನು ಮಾಡುವುದಿಲ್ಲ ಎಂಬುದರಲ್ಲಿದೆ. ಅದಕ್ಕೆ ವರ್ಷಾಂತ್ಯದಲ್ಲಿ ನವೀಕರಣದ ಬೆದರಿಕೆ ಹಾಕಬೇಕಿಲ್ಲ, ವಿಪಿಎನ್ ಮಾರಬೇಕಿಲ್ಲ. ಬೇರೆಯವರ ಪರಿಸ್ಥಿತಿ ಹೀಗಿಲ್ಲ. ಅವಾಸ್ಟ್ ತನ್ನ ಬಳಕೆದಾರರು ನೋಡಿದ ತಾಣಗಳ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರಲ್ಲಿ ಬಹಿರಂಗವಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ನಾರ್ಟನ್ 2021ರಲ್ಲಿ ತನ್ನ ತಂತ್ರಾಂಶಕ್ಕೆ ಈಥೀರಿಯಂ ಗಣಿಗಾರಿಕೆ ಜೋಡಿಸಿ, ಒಪ್ಪಿ ಸೇರಿದವರ ಗಳಿಕೆಯಲ್ಲಿ ಶೇಕಡಾ 15 ತಾನಿಟ್ಟುಕೊಳ್ಳುವ ಏರ್ಪಾಟು ಮಾಡಿತು. ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ಎಂಬ ನಾಲ್ಕು ಹೆಸರುಗಳೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ‘ಅತ್ಯುತ್ತಮ ಹತ್ತು’ ಪಟ್ಟಿಗಳಲ್ಲಿ ಅವು ಮಾತ್ರ ಇಂದಿಗೂ ಪರಸ್ಪರ ಸ್ಪರ್ಧಿಗಳಂತೆ ಕಾಣಿಸಿಕೊಳ್ಳುತ್ತವೆ. ಅಂಕದಲ್ಲಿ ಸದಾ ಮೇಲಿದ್ದ ರಷ್ಯದ ಕ್ಯಾಸ್ಪರ್‌ಸ್ಕಿಯನ್ನು ಅಮೆರಿಕ 2024ರಲ್ಲಿ ನಿಷೇಧಿಸಿದಾಗ ಅಲ್ಲಿನ ಬಳಕೆದಾರರಿಗೆ ಅಪ್‌ಡೇಟ್ ನಿಂತದ್ದು ಪತ್ತೆಯ ದರಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ.

ಡಿಫೆಂಡರ್‌ಗೆ ದೋಷಗಳಿಲ್ಲವೆಂದಲ್ಲ. ಅಂತರಜಾಲ ಸಂಪರ್ಕ ಕಡಿದರೆ ಅದರ ಪತ್ತೆಯ ದರ ಎದ್ದು ಕಾಣುವಷ್ಟು ಇಳಿಯುತ್ತದೆ. ನೆಟ್‌ವರ್ಕ್ ನೆಚ್ಚಲಾಗದ ಊರಿನಲ್ಲಿ, ಪೆನ್ ಡ್ರೈವ್ ಮೇಲೆಯೇ ನಡೆಯುವ ಡಿಟಿಪಿ ಕೆಲಸಕ್ಕೆ, ಕಾಸು ಕೊಟ್ಟು ಕೊಳ್ಳುವ ತಂತ್ರಾಂಶವೇ ವಾಸಿಯಾದೀತು. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ವಿರುದ್ಧ ಅದರಲ್ಲಿರುವ ಒಳ್ಳೆಯ ಅಸ್ತ್ರವಾದ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದರೆ ಸಾಧಾರಣ ತಂತ್ರಾಂಶಗಳನ್ನೂ ತಡೆದು ಗೋಳುಗುಟ್ಟಿಸುತ್ತದೆ. ಅದರ ಜೊತೆಗಾರ ಸ್ಮಾರ್ಟ್‌ಸ್ಕ್ರೀನ್ ಹೆಚ್ಚು ಜನ ಬಳಸದ, ಸಹಿ ಇಲ್ಲದ ತಂತ್ರಾಂಶಗಳನ್ನು ಅನುಮಾನಿಸುತ್ತದೆ. ಸಣ್ಣ ಭಾಷೆಗಳ ಉಪಕರಣಗಳಿಗೆ ಇದು ಕಿರಿಕಿರಿ. ಕನ್ನಡ ಕೀಲಿಮಣೆ ತಂತ್ರಾಂಶ ಪ್ರತಿ ಒತ್ತನ್ನೂ ಓದಲೇಬೇಕು, ಗುಪ್ತಪದ ಕದಿಯುವ ಕೀಲಾಗರ್ ಮಾಡುವುದೂ ಅದನ್ನೇ. ನಡವಳಿಕೆಯೊಂದನ್ನೇ ನೋಡುವ ಎಂಜಿನ್ನಿಗೆ ಎರಡರ ವ್ಯತ್ಯಾಸ ಸುಲಭಕ್ಕೆ ತಿಳಿಯದು. ಫೋನಿಗೆ ಬರುವ ‘ಡಿಜಿಟಲ್ ಅರೆಸ್ಟ್’ ಬೆದರಿಕೆಯನ್ನು, ಕೈಯಾರೆ ಕೊಟ್ಟ ಒಟಿಪಿಯನ್ನು ಡಿಫೆಂಡರೂ ತಡೆಯದು, ಯಾವುದೂ ತಡೆಯದು.

ಹೊಸ ಲ್ಯಾಪ್‌ಟಾಪಿನೊಂದಿಗೆ ಬರುವ, ಬೇರೆ ಕಂಪನಿಯ ಆಂಟಿವೈರಸ್‌ನ ತಿಂಗಳ ಟ್ರಯಲ್ ಆವೃತ್ತಿ ಇರುವವರೆಗೆ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಅವಧಿ ಮುಗಿದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ತಾನಾಗಿ ಕೆಲಸಕ್ಕೆ ಇಳಿಯುತ್ತದೆ. ಎರಡನ್ನು ಒಟ್ಟಿಗೆ ಓಡಿಸುವುದರಿಂದ ಯಂತ್ರ ನಿಧಾನವಾಗುವುದೇ ಹೊರತು ರಕ್ಷಣೆ ಇಮ್ಮಡಿಯಾಗದು. ವಿಂಡೋಸ್ 10 ಯಂತ್ರಗಳ ಲೆಕ್ಕ ಬೇರೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ನ ಸಿಗ್ನೇಚರ್‌ಗಳು 2028ರವರೆಗೆ ಬರುತ್ತವೆಂದು ಮೈಕ್ರೋಸಾಫ್ಟ್ ಹೇಳಿದ್ದರೂ ವಿಂಡೋಸ್‌ನದೇ ತೂತುಗಳನ್ನು ಮುಚ್ಚುವ ಅಪ್‌ಡೇಟ್‌ಗೆ ವಿಸ್ತರಿತ ಯೋಜನೆಗೆ ನೋಂದಾಯಿಸಬೇಕು. ವಾನಾಕ್ರೈ ಎಂಬ ರಾನ್ಸಮ್‌ವೇರ್ 2017ರ ಮೇನಲ್ಲಿ ಹರಡಿದಾಗ ಅದಕ್ಕೆ ಬೇಕಾದ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. ಬಹುಪಾಲು ಸಿಕ್ಕಿಬಿದ್ದದ್ದು ಅದನ್ನು ಹಾಕಿಕೊಳ್ಳದ ಯಂತ್ರಗಳು. ಅಂಥ ಹಳೆಯ ಯಂತ್ರವಿರುವ ಮನೆಯಲ್ಲಿ ಆಂಟಿವೈರಸ್‌ಗೆ ಎತ್ತಿಟ್ಟ ಹಣವನ್ನು ಬ್ಯಾಕಪ್‌ಗೆಂದು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕುವುದು, ನಕಲು ಮಾಡಿಯಾದ ಮೇಲೆ ಕೇಬಲ್ ಕಳಚಿಡುವುದು ಲೇಸು.