ಬನಹಟ್ಟಿಯ ಪಟ್ಟಿಯೂ ನಮ್ಮ ಕೀರ್ತನೆಗಳೂ

ಪ್ರತಿವರ್ಷ ಆಗಮನ ಕಾಲದ ಕೊನೆಯ ವಾರದಲ್ಲಿ ನಮಗೆ ಬನಹಟ್ಟಿಯಿಂದ ಒಂದು ಪತ್ರ ಬರುತ್ತದೆ. ಬರೆಯುವವರು ಕ್ರೈಸ್ತರಲ್ಲ, ನಾಲ್ಕು ಪಾವರ್‌ಲೂಮುಗಳನ್ನು ಇಟ್ಟುಕೊಂಡು ಸೀರೆ ನೇಯುವವರು, ಐವತ್ತು ದಾಟಿದವರು, ಹಾಡು ಕೇಳುವುದರ ಹೊರತು ಬೇರೆ ಹವ್ಯಾಸವಿಲ್ಲದವರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಚದುರಿದಂತಿರುವ ಕೆಲವು ಕುಟುಂಬಗಳಿಗಾಗಿ ಬಲಿಪೂಜೆ ಅರ್ಪಿಸಲು ನಾವು ಹೋಗಿಬರುತ್ತಿದ್ದ ದಿನಗಳಲ್ಲಿ ಅವರ ಪರಿಚಯವಾಯಿತು. ಪತ್ರವೆಂದರೆ ಒಂದು ಪಟ್ಟಿ: ಆ ವರ್ಷ ತಾವು ಕೇಳಿದ ಧ್ವನಿಮುದ್ರಿಕೆಗಳಲ್ಲಿ ಮನಸ್ಸಿಗೆ ಹಿಡಿದವು ಯಾವುವು, ಅವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ. ಅದೇ ವರ್ಷ ಹೊರಬಂದದ್ದಾಗಿರಬೇಕೆಂಬ ನಿಯಮವಿಲ್ಲ. ಎಪ್ಪತ್ತು ವರ್ಷ ಹಳೆಯ ಪ್ಲೇಟಿನ ಹಾಡು ಮೊಬೈಲಿನಲ್ಲಿ ಈ ವರ್ಷ ಸಿಕ್ಕಿದರೆ ಅವರ ಲೆಕ್ಕದಲ್ಲಿ ಅದು ಈ ವರ್ಷದ್ದೇ.

ಗುರುಮಠದ ಪತ್ರಿಕೆಯಲ್ಲಿ ನೇಕಾರರೊಬ್ಬರ ಇಷ್ಟಾನಿಷ್ಟಗಳಿಗೇನು ಕೆಲಸವೆಂದು ಕೆಲವರಿಗೆ ಅನ್ನಿಸಬಹುದು. ನಮಗೂ ಹಲವು ವರ್ಷ ಹಾಗೆಯೇ ಅನ್ನಿಸಿತ್ತು. ಪಟ್ಟಿಗಳನ್ನು ಓದಿ, ನಕ್ಕು, ಪುಸ್ತಕದೊಳಗೆ ಇಟ್ಟುಬಿಡುತ್ತಿದ್ದೆವು. ಈ ಸಲ ಹಾಗೆ ಇಟ್ಟುಬಿಡಲು ಆಗಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇವೆ.

ಈ ವರ್ಷದ ಪಟ್ಟಿಯ ಮೊದಲ ಸ್ಥಾನ ಪಂಡಿತ ಭೀಮಸೇನ ಜೋಶಿಯವರ ‘ದಾಸವಾಣಿ’ಗೆ ಸಂದಿದೆ. ಎರಡನೆಯದು ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು. ಮೂರನೆಯದು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಆಮೇಲೆ ಸಿ. ಅಶ್ವತ್ಥರ ಶರೀಫರ ಪದಗಳು. ಕನ್ನಡ ಭಾವಗೀತೆಗಳಿಗೆ ಕ್ಯಾಸೆಟ್ಟಿನ ಬಾಗಿಲು ತೆರೆದ 1978ರ ‘ನಿತ್ಯೋತ್ಸವ’. ಕೊನೆಗೆ ಅಂಗಡಿಯಲ್ಲಿ ದೊರೆಯದ ಒಂದು ವಸ್ತು, ಲೋಕಾಪುರದ ಕಡೆ ಬೆಳಗಿನವರೆಗೆ ನಡೆದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಇದನ್ನು ಆಲ್ಬಮ್ ಎನ್ನಬಹುದೇ ಎಂದು ನಾವು ಕೇಳಿದೆವು. ರಾತ್ರಿಯೆಲ್ಲ ಒಂದೇ ಕಥೆಯನ್ನು ಒಂದೇ ಮೇಳ ಹಾಡಿದ್ದು ಆಲ್ಬಮ್ ಅಲ್ಲದಿದ್ದರೆ ಮತ್ತಾವುದು ಆಲ್ಬಮ್ ಎಂದು ಅವರು ತಿರುಗಿ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಮೀರ್‌ಬಾಯಿಯವರಿಂದ ಆರಂಭಿಸೋಣ, ಏಕೆಂದರೆ ಆಕೆ ಆ ನೆಲದ ಮಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೀಳಗಿಯಲ್ಲಿ ಹುಟ್ಟಿ ಮುಂಬಯಿಗೆ ಹೋದ ಈ ಗಾಯಕಿ, 1943ರಲ್ಲಿ ‘ಕಿಸ್ಮತ್’ ಚಿತ್ರದ ಮೂಲಕ ದೇಶದ ಮನೆಮಾತಾದರು. ಸಂಗೀತ ಅನಿಲ್ ಬಿಸ್ವಾಸರದು, ಗೀತೆಗಳು ಕವಿ ಪ್ರದೀಪರವು. ಅದರಲ್ಲಿ ಪರಕೀಯರನ್ನು ದೂರ ಸರಿಯಿರೆಂದು ಕರೆಗೊಡುವ ಸಮೂಹಗೀತೆಯೊಂದಿದೆ. ಸಾಹಿತ್ಯದಲ್ಲಿ ಹೆಸರಿಸಿದ್ದು ಅಂದಿನ ಯುದ್ಧದ ಶತ್ರುಗಳಾದ ಜರ್ಮನ್ ಮತ್ತು ಜಪಾನಿಯರನ್ನು. ಆದ್ದರಿಂದ ಪರಿಶೀಲಕರು ಬಿಟ್ಟುಕೊಟ್ಟರು. 1942ರ ಚಳವಳಿಯಿಂದ ಆಗಷ್ಟೇ ಹೊರಬಂದಿದ್ದ ಪ್ರೇಕ್ಷಕರ ಕಿವಿಗೆ ಬಿದ್ದದ್ದು ಬ್ರಿಟಿಷರ ಹೆಸರು. ಬರೆದ ಮಾತಿಗೂ ಕೇಳಿದ ಮಾತಿಗೂ ಇರುವ ಈ ಅಂತರವನ್ನು ಶುಭಸಂದೇಶ ಸಾರುವವರು ಒಮ್ಮೆಯಾದರೂ ಯೋಚಿಸಬೇಕು. ಕೇಳುಗನು ಬರಿಗೈಯಲ್ಲಿ ಬರುವುದಿಲ್ಲ. ತನ್ನ ಹಸಿವನ್ನು ತಂದಿರುತ್ತಾನೆ, ಹಾಡು ಆ ಹಸಿವಿನ ಮೇಲೆ ಬೀಳುತ್ತದೆ.

ಆದರೆ ನಮ್ಮ ಮಿತ್ರರಿಗೆ ಪ್ರಿಯವಾದದ್ದು ಈ ವೀರಗೀತೆಯಲ್ಲ. ಅದೇ ಚಿತ್ರದಲ್ಲಿ ಮೋಡವನ್ನು ಮೆಲ್ಲಗೆ ಬಾ ಎಂದು ಬೇಡುವ ಹಾಡು ಅವರಿಗೆ ಇಷ್ಟ. ಮೂರು ನಿಮಿಷದ ಚಿಲ್ಲರೆ ಅವಧಿ, ಪ್ಲೇಟಿನ ಒಂದೇ ಮಗ್ಗುಲು. ನಾಟಕ ಕಂಪನಿಗಳ ವಾತಾವರಣದಲ್ಲಿ, ಕೊನೆಯ ಸಾಲಿನವರೆಗೆ ಮುಟ್ಟಬೇಕೆಂದು ಪಳಗಿದ ಕಂಠ ಅಲ್ಲಿ ಮೈಕಿನ ಮುಂದೆ ತನ್ನನ್ನು ತಾನೇ ತಗ್ಗಿಸಿಕೊಂಡಿದೆ. ಬಲವಿದ್ದೂ ಬಳಸದಿರುವುದು ಅಲ್ಲಿಯ ಸೊಗಸು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ತರಗತಿಯಲ್ಲಿ ಬೋಧಿಸುವಾಗ ಈ ಹಾಡನ್ನು ಕೇಳಿಸಬೇಕೆಂಬ ಆಸೆ ನಮಗಿದೆ. ಇನ್ನೂ ಧೈರ್ಯ ಬಂದಿಲ್ಲ.

‘ದಾಸವಾಣಿ’ಗೆ ಮೊದಲ ಸ್ಥಾನ ಕೊಟ್ಟಿರುವುದನ್ನು ನಾವು ಒಪ್ಪುವುದಿಲ್ಲ. ಜೋಶಿಯವರ ತಾನಗಳು ಪುರಂದರದಾಸರ ಪದವನ್ನು ಎತ್ತಿ ಹಿಡಿಯುವಷ್ಟೇ ಸಲ ಅದನ್ನು ಮರೆಮಾಡುತ್ತವೆ. ಕೇಳಿ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಜೋಶಿಯವರು. ಅದು ದೋಷವೆಂದಲ್ಲ, ಅಂಥ ದೋಷವನ್ನು ಮಾಡಬಲ್ಲವರು ಎಷ್ಟು ಮಂದಿ! ಆದರೂ ನಮ್ಮ ಮತ ಮನ್ಸೂರರಿಗೆ. ಈ ಲೇಖನ ಬರೆಯಲು ನಿಜವಾಗಿ ಪ್ರೇರಿಸಿದ್ದು ಆ ಎರಡನೆಯ ಸ್ಥಾನವೇ.

ವಚನ ಹಾಡಿನ ಸಾಹಿತ್ಯವಲ್ಲ, ಗದ್ಯಕ್ಕೆ ಹತ್ತಿರವಾದದ್ದು. ಅದರ ಸಾಲುಗಳಲ್ಲಿ ಮಾತ್ರೆಗಳ ಸಮಾನತೆಯಿಲ್ಲ, ಪ್ರಾಸದ ನಿರ್ಬಂಧವಿಲ್ಲ, ಮಾತು ಮುಗಿದಲ್ಲಿ ಸಾಲು ಮುಗಿಯುತ್ತದೆ. ಇಂಥದನ್ನು ತಾಳಕ್ಕೆ ಹೊಂದಿಸುವುದು ಕಷ್ಟ. ಅಕ್ಕಮಹಾದೇವಿಯು ತಾನು ಕಂಡ ಕನಸನ್ನು ಕೆಳದಿಗೆ ಹೇಳುವ ವಚನವನ್ನು ಮನ್ಸೂರರು ಹಾಡುವ ಬಗೆಯನ್ನು ಗಮನಿಸಿರಿ. ಜೈಪುರ-ಅತ್ರೌಲಿ ಘರಾನೆಯ ಬಿಗಿಯಾದ ಶಿಸ್ತಿನಲ್ಲಿ ಬೆಳೆದ ಕಂಠವದು; ಬೇಕೆಂದರೆ ಒಂದೊಂದು ಅಕ್ಷರವನ್ನೂ ಹತ್ತು ಸುತ್ತು ಸುತ್ತಿಸಬಲ್ಲದು. ಆದರೆ ಅವರು ಪದವನ್ನು ಪೂರ್ತಿಯಾಗಿ ಉಚ್ಚರಿಸಿ, ಅದು ಕೇಳುಗನ ಮನಸ್ಸಿಗೆ ಇಳಿದ ಮೇಲೆ ಸ್ವರವನ್ನು ಹರಿಯಬಿಡುತ್ತಾರೆ. ಹ್ರಸ್ವ ಹ್ರಸ್ವವಾಗಿಯೇ ಇರುತ್ತದೆ, ದೀರ್ಘ ದೀರ್ಘವಾಗಿಯೇ. ನಮ್ಮ ಮಿತ್ರರು ಇದಕ್ಕೆ ಒಂದೇ ಸಾಲಿನ ಟಿಪ್ಪಣಿ ಬರೆದಿದ್ದಾರೆ: “ಎಲ್ಲೂ ಎಳಿ ಕಡದಿಲ್ಲರೀ.” ನೇಕಾರರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಈಗ ನಮ್ಮ ಕೀರ್ತನೆಗಳಿಗೆ ಬರೋಣ. ಕನ್ನಡ ಬೈಬಲಿನ ಕೀರ್ತನೆಗಳೂ ಬಹುಮಟ್ಟಿಗೆ ಗದ್ಯವೇ. ಹೀಬ್ರೂ ಮೂಲದಲ್ಲಿಯೂ ಅವುಗಳ ಲಯ ಇರುವುದು ಅಕ್ಷರಗಳ ಎಣಿಕೆಯಲ್ಲಲ್ಲ, ಒಂದು ಮಾತಿಗೆ ಜೋಡಿಯಾಗಿ ಇನ್ನೊಂದು ಮಾತು ಬರುವುದರಲ್ಲಿ. ಅಂದರೆ ಮನ್ಸೂರರ ಎದುರಿಗಿದ್ದ ಸಮಸ್ಯೆಯೇ ನಮ್ಮ ಎದುರಿಗೂ ಇದೆ. ನಾವು ಅದನ್ನು ಹೇಗೆ ಬಿಡಿಸಿದೆವು? ಪಾಶ್ಚಾತ್ಯ ರಾಗಕ್ಕೋ ಚಿತ್ರಗೀತೆಯ ಧಾಟಿಗೋ ಸಾಲನ್ನು ಕತ್ತರಿಸಿದೆವು. ‘ನಿನ್ನ ಬಳಿ’ ಎಂಬುದು ಉದ್ದ ಸ್ವರದ ಮೇಲೆ ಬಿದ್ದು ‘ನಿನ್ನ ಬಾಳಿ’ ಆಗುತ್ತದೆ. ‘ಕರುಣಾಮಯನೇ’ ಎಂಬ ಸಂಬೋಧನೆ ‘ಕರುಣಾಮ’ ಎಂಬಲ್ಲಿ ಉಸಿರು ಕಳೆದುಕೊಂಡು, ‘ಯನೇ’ ಎಂಬ ಬಾಲ ಮುಂದಿನ ಸಾಲಿಗೆ ಅಂಟಿಕೊಳ್ಳುತ್ತದೆ. ಪ್ರತಿ ಭಾನುವಾರ ಇದನ್ನು ಕೇಳಿ ಕೇಳಿ ನಮ್ಮ ಕಿವಿ ಒಗ್ಗಿಹೋಗಿದೆ. ಲೈಸೆನ್ಶಿಯೇಟ್ ಪದವಿಯ ಓದಿನ ಕಾಲದಲ್ಲಿ ಗ್ರೆಗೋರಿಯನ್ ಕೀರ್ತನಾಸ್ವರಗಳನ್ನು ಕಲಿಯುವಾಗ, ಲತೀನಿನ ಒಂದು ಪದದ ಒತ್ತು ಸ್ಥಾನ ತಪ್ಪಿದರೆ ನಾವು ನಾಚಿಕೊಳ್ಳುತ್ತಿದ್ದೆವು. ತಾಯ್ನುಡಿಯ ವಿಷಯದಲ್ಲಿ ಆ ನಾಚಿಕೆ ನಮಗೆ ಏಕೆ ಹುಟ್ಟಲಿಲ್ಲ?

ದಾರಿ ತೋರಿಸಿದವರು ಇರಲಿಲ್ಲವೆಂದಲ್ಲ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಪ್ರಭು ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಲು ಹೊರಟರು. ಮುಂದೆ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದರು. ಕನ್ನಡದ ಲಘು-ಗುರುಗಳ ಲೆಕ್ಕವನ್ನು ಕಲಿಯದೆ ಕನ್ನಡದಲ್ಲಿ ದೇವರನ್ನು ಹಾಡುವುದು ಸಲ್ಲದೆಂದು ಜರ್ಮನಿಯಿಂದ ಬಂದವರಿಗೆ ಹೊಳೆದಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನೆಯ ಸಂವಿಧಾನದ 119ನೆಯ ಪರಿಚ್ಛೇದದಲ್ಲಿ ಆಯಾ ಜನರ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನ ಕೊಡಬೇಕೆಂದಿತು. ನಾವು ಆ ಪರಿಚ್ಛೇದವನ್ನು ಹಾರ್ಮೋನಿಯಂ ಮತ್ತು ತಬಲಾಕ್ಕೆ ಸಿಕ್ಕ ಅನುಮತಿಪತ್ರವೆಂದು ಓದಿಕೊಂಡೆವು. ಅಲ್ಲಿ ಧರ್ಮಪ್ರಚಾರಕರಿಗೆ ಆ ಸಂಗೀತದಲ್ಲಿ ಶಿಕ್ಷಣ ಕೊಡಬೇಕೆಂಬ ಮಾತೂ ಇದೆ. ವಾದ್ಯಗಳು ಬಂದವು, ಶಿಕ್ಷಣ ಬರಲಿಲ್ಲ.

ಪಟ್ಟಿಯನ್ನು ಪುಸ್ತಕದೊಳಗೆ ಇಡಲಾಗದ ಕಾರಣ ಇನ್ನು ಹೇಳಬೇಕು. ಎರಡು ವರ್ಷಗಳ ಹಿಂದೆ ನಾವು ನಮ್ಮವರದೇ ಒಂದು ಭಕ್ತಿಗೀತೆಗಳ ಸಿ.ಡಿ.ಯನ್ನು ಅವರಿಗೆ ಕೊಟ್ಟಿದ್ದೆವು. ಒಳ್ಳೆಯ ಸ್ಟುಡಿಯೋ, ಹೆಸರಾಂತ ಕಂಠಗಳು, ಕೀಬೋರ್ಡಿನ ತುಂಬು ಮೇಳ. ಆ ವರ್ಷದ ಪಟ್ಟಿಯಲ್ಲಿ ಅದು ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಈ ವರ್ಷ ಸಂಕೋಚ ಬಿಟ್ಟು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದಿಷ್ಟು: “ಫಾದರ್ರೀ, ಹಾಡಿದವ್ರು ಚಲೋ ಹಾಡ್ಯಾರ್ರೀ. ಆದ್ರ ಯಾರಿಗೆ ಹಾಡ್ಯಾರ ಅನ್ನೂದು ತಿಳೀಲಿಲ್ಲ.”

ಸ್ತುತಿಗೀತೆಯ ಮೇಲೆ ಇದಕ್ಕಿಂತ ಕಠಿಣವಾದ ವಿಮರ್ಶೆಯನ್ನು ನಾವು ಯಾವ ದೈವಶಾಸ್ತ್ರಜ್ಞರಲ್ಲಿಯೂ ಓದಿಲ್ಲ. ದೇವರಿಗೆಂದು ಹಾಡಿದ ಹಾಡಿನಲ್ಲಿ ದೇವರ ವಿಳಾಸವೇ ಕಾಣದೆಹೋಗಿದೆ ಎಂದು, ಆ ದೇವರನ್ನು ನಮ್ಮ ಹೆಸರಿನಿಂದ ಕರೆಯದ ಒಬ್ಬರು, ಮನಸ್ಸು ನೋಯಿಸಬಾರದೆಂಬ ಎಚ್ಚರದಿಂದ ಹೇಳಿದ್ದರು. ಅಕ್ಕನ ವಚನದಲ್ಲಿ, ದಾಸರ ಪದದಲ್ಲಿ, ಅಷ್ಟೇಕೆ, ಮೋಡಕ್ಕೆ ಹಾಡಿದ ಆ ಸಿನಿಮಾ ಹಾಡಿನಲ್ಲಿಯೂ ಅವರಿಗೆ ವಿಳಾಸ ಸಿಕ್ಕಿತ್ತು.

ಸಂತ ಅಗಸ್ಟೀನರನ್ನು ಇಲ್ಲಿ ನೆನೆಯದಿರಲಾಗದು. ‘ಪಾಪನಿವೇದನೆ’ಯ ಹತ್ತನೆಯ ಗ್ರಂಥದಲ್ಲಿ ಅವರು ಕಿವಿಯ ಸುಖಕ್ಕೆ ಅಂಜುತ್ತಾರೆ, ಹಾಡಿದ ವಿಷಯಕ್ಕಿಂತ ಹಾಡಿದ ದನಿಯೇ ತಮ್ಮನ್ನು ಕರಗಿಸಿದಾಗ ಅದನ್ನು ಪಾಪವೆಂದು ಒಪ್ಪಿಕೊಳ್ಳುತ್ತಾರೆ. ನಮ್ಮ ಗುರುಮಠಗಳು ಆ ಅಂಜಿಕೆಯನ್ನು ಜತನದಿಂದ ಕಾಪಾಡಿಕೊಂಡು ಬಂದಿವೆ. ಮಿಲಾನಿನ ದೇವಾಲಯದಲ್ಲಿ, 387ರಲ್ಲಿ ಸ್ನಾನದೀಕ್ಷೆ ಪಡೆದ ಆ ದಿನಗಳಲ್ಲಿ, ಸಭೆಯ ಹಾಡು ಕಿವಿಯೊಳಗೆ ಹರಿದು ಕಣ್ಣೀರಾಗಿ ಹೊರಬಂದದ್ದನ್ನು ಅದೇ ಗ್ರಂಥದ ಒಂಬತ್ತನೆಯ ಭಾಗ ಹೇಳುತ್ತದೆ. ಅದನ್ನು ನಾವು ಪರೀಕ್ಷೆಗೆ ಓದಿಸುವುದು ಕಡಿಮೆ. ಅವರು ತೂಗಾಡಿ ತೂಗಾಡಿ ಕೊನೆಗೆ ಹಾಡಿನ ಕಡೆಗೇ ವಾಲಿದರೆಂಬುದನ್ನೂ ಹೇಳುವುದು ಕಡಿಮೆ. ಹೀಗಾಗಿ ಒಂದು ಹಾಡು ನಮ್ಮ ಮುಂದೆ ಬಂದಾಗ ‘ಇದು ಆರಾಧನೆಗೆ ಯೋಗ್ಯವೇ’ ಎಂಬ ಪ್ರಶ್ನೆಯೊಂದೇ ನಮಗೆ ಗೊತ್ತು. ‘ಇದು ನನಗೆ ಇಷ್ಟವೇ’ ಎಂದು ಕೇಳಿಕೊಳ್ಳಲು ಅಂಜುತ್ತೇವೆ. ಕಾರ್ಲ್ ಬಾರ್ತರು ಮೊಟ್ಸಾರ್ಟನ ಮೇಲಿನ ತಮ್ಮ ಮೋಹವನ್ನು 1956ರಲ್ಲಿ ಬಹಿರಂಗವಾಗಿ ಅಚ್ಚುಹಾಕಿಸಿದರು. ಅದರಿಂದ ಅವರ ದೈವಶಾಸ್ತ್ರದ ತೂಕ ಕಡಿಮೆಯಾದದ್ದನ್ನು ನಾವು ಕಾಣೆವು. ಇಷ್ಟವೇ ಇಲ್ಲದೆ ಯೋಗ್ಯವೆಂದು ಆರಿಸಿದ ಹಾಡುಗಳಿಂದಲೇ ಆ ಸಿ.ಡಿ. ತುಂಬಿತ್ತೇನೋ.

ಅಭಿಮಾನಿಯ ಪಟ್ಟಿಯೂ ನಿರ್ದೋಷವಲ್ಲ. ಮೊದಲನೆಯದು, ಎರಡನೆಯದು ಎಂದು ಎಣಿಸುವ ಚಟದಲ್ಲಿ ಸಂಗ್ರಾಹಕನ ಜಂಬವೂ ಸೇರಿರುತ್ತದೆ. ನಮ್ಮ ಮಿತ್ರರಲ್ಲಿಯೂ ಅದು ತುಸು ಇದೆ. ಆದರೆ ಮುಧೋಳದ ರನ್ನನು ತನ್ನ ಕೃತಿಯನ್ನು ಪರೀಕ್ಷಿಸಬರುವವನಿಗೆ ಎಂಟೆದೆ ಇದೆಯೇ ಎಂದು ಕೇಳಿದ್ದನಲ್ಲ, ಅದೇ ಮುಧೋಳದಿಂದ ಕೆಲವೇ ಹರದಾರಿ ದೂರದಲ್ಲಿ, ಮಗ್ಗದ ಸದ್ದಿನ ನಡುವೆ, ಈ ಒಂದೆದೆಯ ಪರೀಕ್ಷಕ ವರ್ಷವಿಡೀ ಕಿವಿಗೊಟ್ಟು ಕೂತಿದ್ದಾನೆ. ನಮ್ಮ ಯಾವ ಗಾಯನ ಮಂಡಳಿ ವರ್ಷವಿಡೀ ಕೇಳಿದೆ?

ಕಳೆದ ತಿಂಗಳು ನಾವು ಅವರಿಗೆ ಇನ್ನೊಂದು ಧ್ವನಿಮುದ್ರಣ ಕಳುಹಿಸಿದೆವು. ಇದು ಸ್ಟುಡಿಯೋದ್ದಲ್ಲ. ಆ ಭಾಗದ ನಮ್ಮದೇ ಕುಟುಂಬವೊಂದರ ಅಜ್ಜಿಯೊಬ್ಬರು ಪ್ರಭುವಿನ ಪಾಡುಗಳನ್ನು ಬೀಸುವ ಕಲ್ಲಿನ ಪದದ ಧಾಟಿಯಲ್ಲಿ, ಮೂರು ಮೂರು ಸಾಲುಗಳಾಗಿ ಹಾಡುತ್ತಾರೆ. ಕೆಮ್ಮು ಬರುತ್ತದೆ, ನಡುವೆ ಮೊಮ್ಮಗನನ್ನು ಗದರುತ್ತಾರೆ, ಮತ್ತೆ ಮೊದಲಿನ ಶ್ರುತಿಗೇ ಬರುತ್ತಾರೆ. ಒಂದು ಪದವೂ ತುಂಡಾಗಿಲ್ಲವೆಂದು ನಮ್ಮ ಕಿವಿ ಹೇಳುತ್ತದೆ, ಆದರೆ ನಮ್ಮ ಕಿವಿಯ ಮೇಲೆ ನಮಗೀಗ ಅಷ್ಟು ನೆಚ್ಚಿಕೆಯಿಲ್ಲ. ಬನಹಟ್ಟಿಯಿಂದ ಉತ್ತರ ಬಂದಿದೆ: “ಮಗ್ಗ ನಡದಾಗ ಮುದುಕಿ ದನಿ ಕೇಳೂದಿಲ್ಲರೀ. ಕರೆಂಟ್ ಹೋದಾಗ ಕೇಳಿ ಹೇಳ್ತೀನಿ.”