ಮುದ್ದೆ ಉಳಿಯಿತು, ಸೊಪ್ಪೆಲ್ಲಿ ಹೋಯಿತು?

ನಾಗಮಂಗಲ ತಾಲ್ಲೂಕಿನ ಊರಲ್ಲಿರುವ ನಮ್ಮ ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಬಂದು ಏಳು ವರ್ಷವಾಯಿತು. ಹೋದ ಶ್ರಾವಣದಲ್ಲಿ ಊರಿಗೆ ಹೋಗಿದ್ದಾಗ ಅವರು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಅನ್ನ ಬುಡು, ಹಿಟ್ಟುಣ್ಣು ಅಂದ್ರು. ನಾನ್ಯಾವತ್ತು ಹಿಟ್ಟು ಬುಟ್ಟಿದ್ದೆ? ಸಾರಿಗೆ ಏನಾಕ್ತೀಯಾ ಅಂತ ಒಬ್ರೂ ಕೇಳ್ನಿಲ್ಲ ಕಣ್ ಮಗ."

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಊಟದ ಬಗ್ಗೆ ಯಾರು ಬರೆದರೂ ಮುದ್ದೆಯನ್ನೇ ಬರೆಯುತ್ತಾರೆ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎಂಬ ಗಾದೆಯಲ್ಲಿ ಸಾರಿಗೆ ಜಾಗವಿಲ್ಲ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತದ ಎದುರು ವಾದಕ್ಕೆ ನಿಂತು ಗೆದ್ದದ್ದೂ ರಾಗಿಯೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಮತ್ತೊಮ್ಮೆ ರಾಗಿಯ ಮೆರವಣಿಗೆ ನಡೆಯಿತು. ಆ ಗೌರವ ರಾಗಿಗೆ ಸಲ್ಲಬೇಕಾದದ್ದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ನಾರಿನಂಶದಲ್ಲೂ ರಾಗಿಯೇ ಬಹಳ ಮುಂದು. ಇಷ್ಟಾದರೂ ಈ ಸೀಮೆಯ ಊಟವನ್ನು ತೂಗಿ ನೋಡಿದರೆ, ಮೈಗೆ ಹಿತವಾದ ಬಹುಪಾಲು ಇರುವುದು ಸಾರಿನ ಕಡೆಗೆ. ಅದನ್ನು ಯಾರೂ ಮೆರವಣಿಗೆ ಮಾಡಲಿಲ್ಲ, ಅದಕ್ಕೇ ಅದು ಸದ್ದಿಲ್ಲದೆ ತೆಳ್ಳಗಾಗುತ್ತ ಬಂತು.

ಬಸ್ಸಾರನ್ನೇ ತೆಗೆದುಕೊಳ್ಳಿ. ಒಂದು ಮಡಿಲು ಸೊಪ್ಪು, ಎರಡು ಹಿಡಿ ಕಾಳು: ಹೆಸರೋ, ಅಲಸಂದೆಯೋ, ಹುರುಳಿಯೋ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಎರಡೂ ಬೆಂದಾಗ ಕಟ್ಟು ಬಸಿಯುತ್ತಾರೆ. ಬೆಂದ ಸೊಪ್ಪು ಕಾಳಿನಲ್ಲಿ ಒಂದು ಹಿಡಿ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಕಾಯಿತುರಿಯ ಜೊತೆ ಅರೆದು ಕಟ್ಟಿಗೆ ಬೆರೆಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಪದಾರ್ಥವಾಗುತ್ತದೆ. ಬೆಂದ ನೀರಿಗಿಳಿದ ಸತ್ವ ಬಚ್ಚಲು ಸೇರದೆ ತಟ್ಟೆಗೆ ಬರುತ್ತದೆ. ಎಣ್ಣೆ ಬೇಕಾಗುವುದು ಒಂದೆರಡು ಚಮಚ. ಉಪ್ಪೇಸರಿನಲ್ಲಿ ಇದು ಇನ್ನೂ ಸರಳ: ಕಟ್ಟಿಗೆ ಉಪ್ಪು, ಪಕ್ಕದಲ್ಲಿ ಅರೆದ ಖಾರ. ಮಸ್ಸೊಪ್ಪಿನಲ್ಲಿ ಎಲ್ಲವನ್ನೂ ಮಸೆದುಬಿಡುತ್ತಾರೆ. ಕಡಿಮೆ ಸೌದೆ, ಕಡಿಮೆ ಎಣ್ಣೆ, ಕಡಿಮೆ ದುಡ್ಡಿನಲ್ಲಿ ಇಷ್ಟು ಪೂರ್ತಿಯಾದ ಅಡುಗೆಯನ್ನು ನಾನು ಬೇರೆ ಕಂಡಿಲ್ಲ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಕಾಳಿನಲ್ಲಿ ಅದು ಧಾರಾಳ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು. ಪುಸ್ತಕ ಓದದ ಹೆಂಗಸರು ಈ ಜೋಡಿಯನ್ನು ನಾಲಗೆಯಿಂದಲೇ ಕಂಡುಕೊಂಡಿದ್ದರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45ನ್ನು ದಾಟಬಾರದು. ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು. ಆ ಕಣ್ಣಿನಿಂದ ನೋಡಿದರೆ ನಮ್ಮ ಹಳೆಯ ಊಟಕ್ಕೂ ಪೂರ್ತಿ ಅಂಕ ಸಿಗುವುದಿಲ್ಲ, ಇದನ್ನು ಮುಚ್ಚಿಡಬಾರದು. ದೊಡ್ಡ ಎರಡು ಮುದ್ದೆ ಉಣ್ಣುತ್ತಿದ್ದದ್ದು ನೇಗಿಲು ಹಿಡಿದು ಸಂಜೆವರೆಗೆ ನಡೆದ ಮೈ. ಟ್ರ್ಯಾಕ್ಟರ್ ಬಂತು, ಬೈಕ್ ಬಂತು. ಮುದ್ದೆಯ ಗಾತ್ರ ಇಳಿಯಲಿಲ್ಲ. ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ರಾಗಿ ಎಂದಾಕ್ಷಣ ಸಕ್ಕರೆ ಕಾಯಿಲೆಗೆ ಮದ್ದಾಗಿಬಿಡುವುದಿಲ್ಲ. ಬೆಲ್ಲದ ಮಾತೂ ಅಷ್ಟೇ. ಪಾಂಡವಪುರದ ಆಲೆಮನೆಗಳ ಬೆಲ್ಲ ನಮ್ಮ ಹೆಮ್ಮೆ, ಆದರೆ ಸಕ್ಕರೆಯ ಬದಲು ಬೆಲ್ಲದ ಕಾಫಿ ಕುಡಿದೆನೆಂದು ನೆಮ್ಮದಿಯಾಗಿರುವ ಮಧುಮೇಹಿಗೆ ಮೋಸ ಕಾದಿರುತ್ತದೆ. ಉಪ್ಪಿನ ಲೆಕ್ಕ ಇನ್ನೊಂದು. ದಿನಕ್ಕೆ 5 ಗ್ರಾಂ ಎಂಬ ಮಿತಿ ಉಪ್ಪೇಸರು, ಉಪ್ಪಿನಕಾಯಿ, ಸಂಡಿಗೆ ಸೇರಿದ ತಟ್ಟೆಯಲ್ಲಿ ನಿಲ್ಲುವುದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸುವ ದೋಷ ಬಡಿಸುವ ಕ್ರಮದಲ್ಲಿದೆ. ನಮ್ಮ ಮನೆಯಲ್ಲಿ ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಹೆಂಗಸರು ಕೂರುತ್ತಿದ್ದರು. ಅಷ್ಟರಲ್ಲಿ ಪಲ್ಯ ಖಾಲಿ. ಅವರ ಪಾಲಿಗೆ ಮುದ್ದೆ, ತಳದ ಕಟ್ಟು, ಮೇಲೊಂದು ಲೋಟ ಕಾಫಿ. ರಾಗಿಯ ಒಗರು ಕಬ್ಬಿಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಊಟದ ಬೆನ್ನಿಗೇ ಕುಡಿದ ಕಾಫಿ ಟೀ ಅದನ್ನು ಇನ್ನಷ್ಟು ತಡೆಯುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಕಂಡುಬಂತು. ಆ ಅಂಕಿಯನ್ನು ಓದಿದಾಗೆಲ್ಲ ನಮ್ಮ ಅಡುಗೆಮನೆಯ ತಳ ಕೆರೆದ ಪಾತ್ರೆ ಕಣ್ಣ ಮುಂದೆ ಬರುತ್ತದೆ. ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡುವುದು, ಕಾಫಿಯನ್ನು ಒಂದು ಗಂಟೆ ಮುಂದೂಡುವುದು, ಪಲ್ಯವನ್ನು ಮೊದಲೇ ಪಾಲು ಮಾಡಿ ಎತ್ತಿಡುವುದು. ಮೂರಕ್ಕೂ ಹೆಚ್ಚು ಖರ್ಚಿಲ್ಲ. ಮೂರನೆಯದಕ್ಕೆ ಮನೆಯವರ ಮನಸ್ಸು ಬೇಕು.

ಸೊಪ್ಪು ಹೋದದ್ದು ಹೇಗೆ? ರಾಗಿ ಹೊಲವೆಂದರೆ ರಾಗಿಯೊಂದೇ ಆಗಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಸಾಲುಗಳ ನಡುವೆ ಯಾರೂ ಬಿತ್ತದ ಅಣ್ಣೆಸೊಪ್ಪು, ಕಿರಕಸಾಲೆ, ಗಣಿಕೆ, ಗೋಣಿಸೊಪ್ಪು. ಕಳೆ ಕೀಳಲು ಹೋದವರು ಮಡಿಲು ತುಂಬಾ ಬೆರಕೆ ಸೊಪ್ಪು ತರುತ್ತಿದ್ದರು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರದ ಬಯಲಲ್ಲಿ ಭತ್ತ, ಕಬ್ಬು ಬೇರೂರಿದವು. ಗದ್ದೆಯ ಬದುವಿನಲ್ಲೂ ಹೊನಗೊನೆ ಬೆಳೆಯುತ್ತಿತ್ತು, ಕಳೆನಾಶಕದ ಡಬ್ಬಿ ಬರುವವರೆಗೆ. ಈಗ ಬದುವಿನ ಸೊಪ್ಪು ಕೀಳಲು ಕೈ ಹಿಂಜರಿಯುತ್ತದೆ. ಹಿಂಜರಿಯಲೂಬೇಕು. ಮಳೆ ನಂಬಿದ ನಾಗಮಂಗಲದಲ್ಲಿ, ಕೆ.ಆರ್. ಪೇಟೆಯ ಒಣ ಹೋಬಳಿಗಳಲ್ಲಿ ಇನ್ನೂ ಸೊಪ್ಪು ಹುಟ್ಟುತ್ತದೆ. ಕೀಳುವವರು ಬೆಂಗಳೂರು, ಮುಂಬೈ ಸೇರಿದ್ದಾರೆ. ಹಬ್ಬ ಮುಗಿಸಿ ಹೊರಟವರ ಚೀಲದಲ್ಲಿ ರಾಗಿಹಿಟ್ಟು ಬಸ್ಸು ಹತ್ತುತ್ತದೆ. ಸೊಪ್ಪು ದಾರಿಯಲ್ಲೇ ಬಾಡುತ್ತದೆ. ಮುದ್ದೆ ಉಳಿದು ಸೊಪ್ಪು ಹೋದದ್ದಕ್ಕೆ ಇಷ್ಟು ಸಣ್ಣ ಕಾರಣವೂ ಇದೆ.

ವಿಜ್ಞಾನವೂ ಸರ್ಕಾರವೂ ಗಮನ ಕೊಟ್ಟದ್ದು ಧಾನ್ಯಕ್ಕೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವರ ಋಣ ಈ ಸೀಮೆಯ ಮೇಲಿದೆ. 2024–25ರಲ್ಲಿ ಕ್ವಿಂಟಲ್ ರಾಗಿಗೆ ಬೆಂಬಲ ಬೆಲೆ 4,290 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,300. ರೇಷನ್ನಿನಲ್ಲಿ ರಾಗಿ ಸಿಗುತ್ತದೆ, 2024ರಿಂದ ಶಾಲೆಯ ಮಕ್ಕಳಿಗೆ ರಾಗಿ ಮಾಲ್ಟ್ ಸಿಗುತ್ತಿದೆ. ಇವೆಲ್ಲ ಒಳ್ಳೆಯ ಕೆಲಸ. ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದನ್ನು ನಾನು ಇನ್ನೂ ಒಳ್ಳೆಯದೆನ್ನುತ್ತೇನೆ, ಏಕೆಂದರೆ ಬಿ12 ಜೀವಸತ್ವ ಸೊಪ್ಪಿನಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಆದರೆ ಹುರುಳಿ, ಅವರೆ, ಅಣ್ಣೆಸೊಪ್ಪುಗಳನ್ನು ಅಷ್ಟೇ ಅಕ್ಕರೆಯಿಂದ ನೋಡಿದ ಯೋಜನೆ ನನ್ನ ಕಣ್ಣಿಗೆ ಬಿದ್ದಿಲ್ಲ. ಶಾಲೆಯ ಹಿಂದಿನ ಎರಡು ನುಗ್ಗೆ ಮರ, ಕೈ ತೊಳೆದ ನೀರು ಹರಿಯುವಲ್ಲಿ ಒಂದು ಮಡಿ ದಂಟು: ಬಿಸಿಯೂಟದ ಸಾರಿನ ಬಣ್ಣ ಬದಲಾಗಲು ಅಷ್ಟು ಸಾಕು.

ದೊಡ್ಡವ್ವ ಈಗ ಮುದ್ದೆಯನ್ನು ಅರ್ಧಕ್ಕೆ ಮುರಿದು ಹಾಕಿಕೊಳ್ಳುತ್ತಾರೆ. ತಟ್ಟೆಗೆ ಮೊದಲು ಬೀಳುವುದು ಪಲ್ಯ. ನಾನಿದ್ದ ದಿನ ಮಳೆ ನಿಂತ ಮೇಲೆ ಮೊಮ್ಮಗಳನ್ನೂ ನನ್ನನ್ನೂ ಕರೆದುಕೊಂಡು, ಮದ್ದು ಹೊಡೆಯದ ತಮ್ಮ ರಾಗಿ ಹೊಲಕ್ಕೆ ಹೋದರು. ಅರ್ಧ ಗಂಟೆಯಲ್ಲಿ ಅವರ ಮಡಿಲಲ್ಲಿ ಹನ್ನೊಂದು ಬಗೆಯ ಸೊಪ್ಪು. ಒಂದೊಂದನ್ನೇ ಎತ್ತಿ ಹೆಸರು ಕೇಳಿದರು. ನಾನು ನಾಲ್ಕು ಹೇಳಿದೆ. ಐದನೆಯ ತರಗತಿಯ ಹುಡುಗಿ ಎರಡು ಹೇಳಿ, ಮೂರನೆಯದನ್ನು ಮೂಸಿ ನೋಡಿ, "ಇದ್ಯಾವ್ದಜ್ಜಿ?" ಎಂದು ಕೇಳಿದಳು.